ಮೊದಲು ಬೋರ, ಆಮೇಲೆ ಚುಕ್ಕಿ

ಮೊಲದ ಮರಿಗಳ ಜೋಡಿಯನ್ನು ಮನೆಗೆ ತಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಎಷ್ಟನೇ ತಿಂಗಳಲ್ಲಿ ಮಾಡಿಸಬೇಕು? ಒಂದು ಸಂಖ್ಯೆ ಹೇಳಿಬಿಟ್ಟರೆ ಅವರಿಗೆ ಸಮಾಧಾನ. ನಾನು ಹೇಳುವುದಿಲ್ಲ. ಗಂಡಿನ ಕಾಲ ಬೇರೆ, ಹೆಣ್ಣಿನ ಕಾಲ ಬೇರೆ. ಅವೆರಡಕ್ಕೂ ಮೊದಲು ಬರುವ ಇನ್ನೊಂದು ತಾರೀಖು ಇದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಎರಡನ್ನೂ ಬೇರೆ ಬೇರೆ ಇಡಲು ಶುರುಮಾಡುವ ತಾರೀಖು ಅದು. ಅದೊಂದು ತಪ್ಪಿದರೆ ಉಳಿದೆರಡನ್ನು ನಿರ್ಧರಿಸುವ ಅಧಿಕಾರ ನಮ್ಮ ಕೈಯಿಂದ ಮೊಲಗಳ ಕೈಗೆ ಹೋಗಿರುತ್ತದೆ.

ನಮ್ಮ ಮನೆಯ ಜೋಡಿಯ ಹೆಸರು ಬೋರ ಮತ್ತು ಚುಕ್ಕಿ. ಒಂದೇ ತಾಯಿಯ, ಒಂದೇ ಸೂಲಿನ ಮರಿಗಳು. ತಾಯಿಹಾಲು ಬಿಟ್ಟು, ಎಂಟು ವಾರ ತುಂಬಿದ ಮೇಲೆ ಬಂದವು. ಬೋರ ಮೂಗಿನಿಂದ ಬಾಲದವರೆಗೆ ಕಪ್ಪು. ಚುಕ್ಕಿ ಬಿಳಿ, ಬೆನ್ನಿನ ಮೇಲೆ ಕಂದು ಮಚ್ಚೆಗಳು. ಕೊಟ್ಟವರು "ಎರಡೂ ಹೆಣ್ಣು, ಯೋಚನೆಯೇ ಬೇಡ" ಎಂದಿದ್ದರು. ಎಂಟು ವಾರದ ಮೊಲದ ಲಿಂಗವನ್ನು ಅಷ್ಟು ಧೈರ್ಯವಾಗಿ ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಆ ವಯಸ್ಸಿನಲ್ಲಿ ಗಂಡಿನ ವೃಷಣಗಳು ಇನ್ನೂ ಹೊಟ್ಟೆಯೊಳಗೇ ಇರುತ್ತವೆ. ಜನನಾಂಗದ ಸುತ್ತ ಮೆತ್ತಗೆ ಒತ್ತಿದಾಗ ಗಂಡಿನಲ್ಲಿ ದುಂಡನೆಯ ಸಣ್ಣ ಕೊಳವೆಯೊಂದು ಹೊರಬರುತ್ತದೆ, ಹೆಣ್ಣಿನಲ್ಲಿ ಉದ್ದನೆಯ ಸೀಳು ಕಾಣುತ್ತದೆ. ಆದರೆ ಬೆರಳಿನ ಗೆಣ್ಣಿಗಿಂತ ಚಿಕ್ಕದಾದ ಜಾಗದಲ್ಲಿ, ಒದ್ದಾಡುವ ಮರಿಯನ್ನು ಹಿಡಿದುಕೊಂಡು ನೋಡುವಾಗ ಅನುಭವಸ್ಥರೂ ಎಡವುತ್ತಾರೆ. "ಎರಡೂ ಹೆಣ್ಣು" ಎಂಬ ಮಾತನ್ನು ನಂಬಿ ಆರು ತಿಂಗಳಲ್ಲಿ ಒಂದು ಡಜನ್ ಮೊಲಗಳ ಯಜಮಾನರಾದವರ ಕಥೆ, ಮೊಲ ಸಾಕುವವರ ನಾಲ್ಕು ಜನ ಸೇರಿದ ಕಡೆ ಒಂದಾದರೂ ಇದ್ದೇ ಇರುತ್ತದೆ. ಆದ್ದರಿಂದ ಮೊದಲ ತಪಾಸಣೆಯಲ್ಲೇ ಪಶುವೈದ್ಯರಿಂದ ನೋಡಿಸಿ, ಹನ್ನೆರಡನೇ ವಾರದ ಹೊತ್ತಿಗೆ ಮತ್ತೊಮ್ಮೆ ನೋಡಿಸುವುದು ಒಳ್ಳೆಯದು.

ನಮ್ಮ ವೈದ್ಯರು ಬೋರನನ್ನು ಮಡಿಲಲ್ಲಿ ಅಂಗಾತ ಒರಗಿಸಿಕೊಂಡು, ತೊಡೆಸಂದಿನ ಕೂದಲನ್ನು ಬೆರಳಿನಿಂದ ಸರಿಸಿ ತೋರಿಸಿದರು. ಶಿಶ್ನದ ಎರಡೂ ಬದಿಗೆ, ಸ್ವಲ್ಪ ಮುಂದಕ್ಕೆ, ಕೂದಲಿಲ್ಲದ, ತೆಳು ಗುಲಾಬಿ ಬಣ್ಣದ ಎರಡು ನೀಳ ಚೀಲಗಳು. ಒಂದರಲ್ಲಿ ಏನೋ ಇತ್ತು. ಹೊರಗೆ ಯಾರೋ ಬಾಗಿಲು ಧಡಾರನೆ ಹಾಕಿದರು. ಬೋರನ ಮೈ ಬಿಗಿಯಿತು, ಚೀಲ ಖಾಲಿಯಾಯಿತು. "ನೋಡಿ, ಒಳಗೆ ಎಳೆದುಕೊಂಡ" ಎಂದು ವೈದ್ಯರು ನಕ್ಕರು. ಗಂಡು ಮೊಲದಲ್ಲಿ ಹೊಟ್ಟೆಯಿಂದ ಚೀಲಕ್ಕೆ ಇಳಿಯುವ ದಾರಿ ಜೀವನಪರ್ಯಂತ ತೆರೆದೇ ಇರುತ್ತದೆ. ಹೆದರಿದಾಗ, ಚಳಿಯಾದಾಗ ಅದು ವೃಷಣಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. "ಏನೂ ಕಾಣಲಿಲ್ಲ, ಹಾಗಾಗಿ ಹೆಣ್ಣು" ಎಂಬ ತೀರ್ಮಾನಕ್ಕೆ ಬರುವವರಿಗೆ ಇದು ಗೊತ್ತಿದ್ದರೆ ಸಾಕು. ಶಸ್ತ್ರಚಿಕಿತ್ಸೆ ಮಾಡುವವರಿಗೂ ಇದು ಮುಖ್ಯವೇ. ಆ ದಾರಿಯನ್ನು ಸರಿಯಾಗಿ ಮುಚ್ಚದಿದ್ದರೆ ಕರುಳು ಅದರ ಮೂಲಕ ಕೆಳಗಿಳಿಯುವ ಅಪಾಯವಿದೆ.

ಮನೆಗೆ ಬಂದ ಮೇಲೆ ನಾನು ಗೂಡುಗಳನ್ನು ಬೇರೆ ಮಾಡುತ್ತಿದ್ದುದನ್ನು ನೋಡಿ ಅತ್ತಿಗೆ ಬೇಸರ ಮಾಡಿಕೊಂಡರು. "ಇಷ್ಟು ಸಣ್ಣ ಮರಿಗಳು ಕಣೇ. ಅದೂ ಒಡಹುಟ್ಟಿದವು. ಈಗಲೇ ಬೇರೆ ಮಾಡುವುದೇ?"

ಒಡಹುಟ್ಟಿದವು ಎಂಬ ಸಂಗತಿ ನಮಗೆ ಗೊತ್ತು, ಬೋರನಿಗೆ ಅದು ಬೇಕಾಗಿಲ್ಲ. ಸಣ್ಣ ತಳಿಯ ಮೊಲ ಮೂರೂವರೆಯಿಂದ ನಾಲ್ಕು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಮಧ್ಯಮ ಗಾತ್ರದವು ನಾಲ್ಕೈದು ತಿಂಗಳಿಗೆ, ದೊಡ್ಡ ತಳಿಗಳು ಇನ್ನೂ ನಿಧಾನ. ಆದರೆ ಗಂಡಿನ ವೃಷಣಗಳು 10ರಿಂದ 12 ವಾರದ ಹೊತ್ತಿಗೆ ಇಳಿಯುತ್ತವೆ, ಅಲ್ಲಿಂದ ಮುಂದೆ ಯಾವ ದಿನ ಏನಾಗುತ್ತದೆ ಎಂದು ಹೇಳಲು ಬರುವುದಿಲ್ಲ. ನಾಯಿಯ ಹಾಗೆ ಹೆಣ್ಣು ಮೊಲಕ್ಕೆ ವರ್ಷದಲ್ಲಿ ಇಂತಿಷ್ಟು ಸಲ ಬೆದೆ ಎಂಬ ಲೆಕ್ಕವೂ ಇಲ್ಲ. ಕೂಡಿದ ಸುಮಾರು ಹತ್ತು ಗಂಟೆಯ ನಂತರವೇ ಅದರ ಅಂಡಾಶಯದಿಂದ ಅಂಡಗಳು ಬಿಡುಗಡೆಯಾಗುತ್ತವೆ. ಅಂದರೆ ಗಬ್ಬವಾಗಲು ಸರಿಯಾದ ಸಮಯಕ್ಕಾಗಿ ಅದು ಕಾಯಬೇಕಾಗಿಲ್ಲ, ಕೂಡಿದ್ದೇ ಸರಿಯಾದ ಸಮಯ. ಆ ಕೂಡುವಿಕೆ ಮುಗಿಯಲು ಬೇಕಾದದ್ದು ಕೆಲವು ಸೆಕೆಂಡು. ನೀವು ಒಲೆ ಆರಿಸಿ ಬರುವಷ್ಟರಲ್ಲಿ ಎಲ್ಲ ಮುಗಿದು, ಎರಡೂ ಏನೂ ಆಗದಂತೆ ಹುಲ್ಲು ಜಗಿಯುತ್ತಿರುತ್ತವೆ. ಸುಮಾರು 31 ದಿನಕ್ಕೆ ಮರಿಗಳು. ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಗಂಡು ಅದೇ ಗೂಡಿನಲ್ಲಿದ್ದರೆ ಆಗಿಯೇ ಆಗುತ್ತದೆ ಎಂದುಕೊಳ್ಳಿ. ತಾನೇ ಇನ್ನೂ ಬೆಳೆಯುತ್ತಿರುವ ಐದು ತಿಂಗಳ ಹೆಣ್ಣಿಗೆ ಒಂದು ಸೂಲು ಹಾಲು ಕುಡಿಸುತ್ತಾ ಇನ್ನೊಂದು ಸೂಲನ್ನು ಹೊಟ್ಟೆಯಲ್ಲಿ ಹೊರುವ ಪಾಡು.

ಹತ್ತನೇ ವಾರದಿಂದ ಬೇರೆ. ಇದು ನನ್ನ ಲೆಕ್ಕ, ಇದರಲ್ಲಿ ರಾಜಿಯಿಲ್ಲ. ಬೇರೆ ಎಂದರೆ ಒಂದು ಈ ಕೋಣೆ, ಒಂದು ಆ ಕೋಣೆ ಎಂದಲ್ಲ. ಒಂದರ ಕಣ್ಣಿಗೆ, ಮೂಗಿಗೆ ಇನ್ನೊಂದು ಸಿಗುತ್ತಿರಬೇಕು. ಇಲ್ಲದಿದ್ದರೆ ಮುಂದೆ ಒಟ್ಟಿಗೆ ಬಿಡುವಾಗ ಅಪರಿಚಿತರನ್ನು ಜೊತೆ ಮಾಡಿದಷ್ಟು ಕಷ್ಟವಾಗುತ್ತದೆ. ನಾನು ಎರಡು ಸಾಲು ಜಾಲರಿ ನಿಲ್ಲಿಸಿ ನಡುವೆ ಒಂದು ಗೇಣು ಜಾಗ ಬಿಟ್ಟೆ. ಒಂದೇ ಜಾಲರಿಯಾದರೆ ಅದರ ಕಿಂಡಿಯಲ್ಲಿ ಮೂಗು ತೂರಿಸಿ ಕಚ್ಚಿಸಿಕೊಳ್ಳುತ್ತವೆ. ಎತ್ತರವೂ ಬೇಕು. ಮೊಲ ಎಷ್ಟು ಎತ್ತರ ಜಿಗಿಯುತ್ತದೆ ಎಂಬುದು ಗಂಡು ಮೊಲ ಪ್ರಾಯಕ್ಕೆ ಬಂದ ವಾರ ತಿಳಿಯುತ್ತದೆ.

ಬೋರನಿಗೆ ಆ ವಾರ ಬಂದದ್ದು ಮುಚ್ಚುಮರೆಯಿಲ್ಲದೆ. ಅಲ್ಲಿಯವರೆಗೆ ಕಾಲ ಬಳಿ ಬಂದು ಗಲ್ಲ ಉಜ್ಜಿ ಹೋಗುತ್ತಿದ್ದವನು ಈಗ ಪಾದಗಳ ಸುತ್ತ ಗಿರಗಿರನೆ ಸುತ್ತತೊಡಗಿದ. ಗಂಟಲಲ್ಲಿ ಒಂದು ಗುಂಯ್‌ಗುಟ್ಟುವ ಸದ್ದು. ಮೂಲೆಯ ತಟ್ಟೆಯಲ್ಲಿ ಶಿಸ್ತಾಗಿ ಮಾಡುತ್ತಿದ್ದ ಮೂತ್ರ ಈಗ ಗೋಡೆಗೆ, ಜಾಲರಿಗೆ, ಜಾಲರಿಯಾಚೆ ಕುಳಿತ ಚುಕ್ಕಿಯ ಮುಖಕ್ಕೆ. ಓಡುತ್ತಾ ಓಡುತ್ತಾ ಸೊಂಟ ತಿರುಗಿಸಿ ಸಿಡಿಸುವ ಆ ಕಸರತ್ತನ್ನು ನೋಡಿದ ಮೇಲೆ ಅಣ್ಣ ಮೊಲದ ಗೂಡಿನ ಹತ್ತಿರ ಕುಳಿತು ಪತ್ರಿಕೆ ಓದುವುದನ್ನು ಬಿಟ್ಟ. ಅದರ ವಾಸನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ವೃಷಣಗಳು ಇಳಿದ ಮೇಲೆ ಗಂಡಿಗೆ ಯಾವಾಗ ಬೇಕಾದರೂ ಶಸ್ತ್ರಚಿಕಿತ್ಸೆ ಮಾಡಬಹುದು. ಮೊಲಗಳಲ್ಲಿ ಪಳಗಿದ ವೈದ್ಯರು 10–12 ವಾರಕ್ಕೇ ಮಾಡುವುದುಂಟು. ಮೂರೂವರೆಯಿಂದ ಐದು ತಿಂಗಳ ನಡುವೆ ಮಾಡುವವರೇ ಹೆಚ್ಚು. ನಾವು ಬೋರನಿಗೆ ಮೂರೂವರೆ ತಿಂಗಳಾದಾಗ ಮಾಡಿಸಿದೆವು. ಇದು ಸಣ್ಣ ಶಸ್ತ್ರಚಿಕಿತ್ಸೆ, ಹೊಟ್ಟೆ ತೆರೆಯುವ ಮಾತಿಲ್ಲ. ಬೆಳಿಗ್ಗೆ ಬಿಟ್ಟು ಬಂದವನನ್ನು ಸಂಜೆ ಕರೆತಂದಾಗ ಅವನು ಪೆಟ್ಟಿಗೆಯೊಳಗೇ ಹುಲ್ಲು ಜಗಿಯುತ್ತಿದ್ದ.

ಇಲ್ಲಿಯೇ ತುಂಬ ಜನ ಅವಸರ ಮಾಡುವುದು. ಆಯಿತಲ್ಲ, ಇನ್ನು ಒಟ್ಟಿಗೆ ಬಿಡೋಣ ಎನ್ನುತ್ತಾರೆ. ಬಿಡಬಾರದು. ವೃಷಣ ತೆಗೆದರೂ ಅದರ ಮುಂದಿನ ನಾಳದಲ್ಲಿ ವೀರ್ಯಾಣುಗಳು ಉಳಿದಿರುತ್ತವೆ. ನಾಲ್ಕರಿಂದ ಆರು ವಾರದವರೆಗೆ ಆ ಗಂಡಿನಿಂದ ಹೆಣ್ಣು ಗಬ್ಬವಾಗಬಹುದು ಎಂದೇ ಲೆಕ್ಕ ಹಾಕಬೇಕು. ನಾನು ಆರು ವಾರದ ಕಡೆಯವಳು. ಹಾರ್ಮೋನಿನ ಅಮಲು ಇಳಿಯುವುದಕ್ಕೂ ಅಷ್ಟು ಕಾಲ ಬೇಕು. ಬೋರ ಮೊದಲ ಎರಡು ವಾರ ಏನೂ ನಡೆದೇ ಇಲ್ಲವೆಂಬಂತೆ ಸಿಡಿಸುತ್ತಲೇ ಇದ್ದ. "ವೈದ್ಯರು ತೆಗೆದದ್ದು ನಿಜವೇ?" ಎಂದು ಅಣ್ಣ ಕೇಳಿದ. ಆಮೇಲೆ ನಿಧಾನವಾಗಿ, ಯಾವ ದಿನವೆಂದು ಹೇಳಲಾಗದ ಹಾಗೆ, ಕಡಿಮೆಯಾಯಿತು.

ಈ ಆರು ವಾರ ವ್ಯರ್ಥವಾಗುವುದಿಲ್ಲ ಎಂಬುದೇ ಗಂಡಿಗೆ ಮೊದಲು ಮಾಡಿಸುವುದರ ಜಾಣತನ. ಲೆಕ್ಕ ನೋಡಿ: ಮೂರೂವರೆ ತಿಂಗಳಿಗೆ ಬೋರನದು ಮುಗಿದರೆ, ಅವನ ಗಡುವು ಮುಗಿಯುವ ಹೊತ್ತಿಗೆ ಚುಕ್ಕಿಗೆ ಐದು ತಿಂಗಳು. ಹೆಣ್ಣಿಗೆ ಸರಿಯಾದ ಕಾಲ ಅದೇ. ಅವಳ ಗಾಯ ಮಾಗಿ, ಅವಳ ಹಾರ್ಮೋನು ಇಳಿಯುವಷ್ಟರಲ್ಲಿ ಆರೂವರೆ ತಿಂಗಳು. ಆಗ ಇಬ್ಬರನ್ನೂ ಜೊತೆ ಮಾಡಬಹುದು. ಎರಡನ್ನೂ ಒಂದೇ ದಿನ ಐದನೇ ತಿಂಗಳಲ್ಲಿ ಮಾಡಿಸುವವರಿದ್ದಾರೆ, ಒಂದೇ ಓಡಾಟ, ಒಂದೇ ದಿನದ ಆತಂಕ. ತಪ್ಪೇನಿಲ್ಲ. ಆದರೆ ಅಲ್ಲಿಯವರೆಗೆ ಗಂಡಿನ ಸಿಡಿತವನ್ನು ಒರೆಸಬೇಕು, ಆರು ವಾರದ ಎಣಿಕೆಯೂ ಅಂದಿನಿಂದಲೇ ಶುರು. ಜೊತೆಗೆ ಒಂದೇ ರಾತ್ರಿ ಇಬ್ಬರು ರೋಗಿಗಳನ್ನು ನೋಡಿಕೊಳ್ಳುವ ತಾಳ್ಮೆ ನನಗಿಲ್ಲ.

ಹೆಣ್ಣಿನ ವಿಷಯದಲ್ಲಿ ಬಹಳ ಬೇಗನೆ ಹೋದರೂ ಕಷ್ಟ, ಬಹಳ ತಡಮಾಡಿದರೂ ಕಷ್ಟ. ನಾಲ್ಕು ತಿಂಗಳಿಗೆ ಮುಂಚೆ ಗರ್ಭಕೋಶ ದಾರದಷ್ಟು ತೆಳು, ಹೊಟ್ಟೆಯೊಳಗೆ ಅದನ್ನು ಹುಡುಕುವುದೇ ಒಂದು ಕೆಲಸ. ಮೈಯೂ ಚಿಕ್ಕದು, ಅರಿವಳಿಕೆಯಲ್ಲಿ ಬೇಗ ತಣ್ಣಗಾಗುತ್ತದೆ. ಆರು ತಿಂಗಳು ಮೀರಿ ವರ್ಷದ ಕಡೆಗೆ ಹೋದಂತೆ ಗರ್ಭಕೋಶವನ್ನು ಹಿಡಿದಿರುವ ಪೊರೆಯಲ್ಲಿ ಕೊಬ್ಬು ತುಂಬುತ್ತದೆ, ರಕ್ತನಾಳಗಳು ದಪ್ಪವಾಗುತ್ತವೆ, ಕಟ್ಟುವುದು ಕಷ್ಟ. ನಡುವಿನ ನಾಲ್ಕೂವರೆಯಿಂದ ಆರು ತಿಂಗಳ ಕಿಟಕಿಯೇ ಅನುಕೂಲ. ದೊಡ್ಡ ತಳಿಯಾದರೆ ಆರು ತಿಂಗಳವರೆಗೆ, ಅಥವಾ ಇನ್ನೂ ಸ್ವಲ್ಪ ಕಾಯಿರಿ ಎನ್ನುತ್ತಾರೆ. ಮೊಲದ ಗರ್ಭಕೋಶದ ರಚನೆಯೂ ವಿಚಿತ್ರ: ಎರಡು ಪೂರ್ತಿ ಬೇರೆ ಬೇರೆ ಕವಲುಗಳು, ಒಂದೊಂದಕ್ಕೂ ತನ್ನದೇ ಗರ್ಭಕಂಠ. ಬೆಕ್ಕಿಗೆ ನೂರು ಸಲ ಮಾಡಿದ ಕೈಗೂ ಮೊದಲ ಮೊಲ ಹೊಸದೇ.

ಚುಕ್ಕಿಯ ತಾರೀಖನ್ನು ನಾವು ಒಮ್ಮೆ ಮುಂದಕ್ಕೆ ಹಾಕಬೇಕಾಯಿತು. ಒಂದು ಬೆಳಿಗ್ಗೆ ಅವಳ ಬಾಯಲ್ಲಿ ಅಡ್ಡಡ್ಡ ಒಣಹುಲ್ಲಿನ ಕಟ್ಟು, ಎರಡೂ ಕಡೆ ಮೀಸೆ ಬಿಟ್ಟಂತೆ. ಅದನ್ನು ಗೂಡಿನ ಮೂಲೆಗೆ ಹೊತ್ತೊಯ್ದು ಒತ್ತಿದಳು, ಮತ್ತೆ ಬಂದಳು, ಮತ್ತೊಂದು ಕಟ್ಟು. ಆಮೇಲೆ ತಲೆ ಬಗ್ಗಿಸಿ, ಎದೆಯ ಮತ್ತು ಹೊಟ್ಟೆಯ ಬಿಳಿ ಕೂದಲನ್ನು ಬಾಯಿಂದ ಕಿತ್ತು ಕಿತ್ತು ಆ ಹುಲ್ಲಿನ ಮೇಲೆ ಹಾಸಿದಳು. ಕೈ ಹಾಕಿದರೆ ಗುರ್ ಎಂದು ಮುಂಗಾಲಿನಿಂದ ಹೊಡೆದಳು. ಅತ್ತಿಗೆಯ ಮುಖದಲ್ಲಿ "ನಾನು ಹೇಳಲಿಲ್ಲವೇ, ಜಾಲರಿಯಿಂದ ಏನಾಗುತ್ತದೆ" ಎಂಬ ಭಾವ. ಅದು ಸುಳ್ಳು ಗಬ್ಬ. ಗಂಡಿನ ಸಾಮೀಪ್ಯ, ಇನ್ನೊಂದು ಹೆಣ್ಣು ಮೇಲೆ ಹತ್ತುವುದು, ಇಷ್ಟೇ ಸಾಕು ಅಂಡಗಳು ಬಿಡುಗಡೆಯಾಗಲು. ಮೈ ತಾನು ತಾಯಿಯಾಗಿದ್ದೇನೆ ಎಂದು ನಂಬುತ್ತದೆ. 16ರಿಂದ 18 ದಿನದಲ್ಲಿ ತಾನಾಗಿ ಇಳಿಯುತ್ತದೆ, ಗೂಡು ಕಟ್ಟುವುದು ಸಾಮಾನ್ಯವಾಗಿ ಅದರ ಕೊನೆಯಲ್ಲಿ. ಕೆಚ್ಚಲು ತುಂಬಿರುವಾಗ ಬೇಡ, ಇಳಿಯಲಿ ಎಂದರು ವೈದ್ಯರು. ಅವಳು ಕಟ್ಟಿದ ಗೂಡನ್ನು ಎರಡು ದಿನ ಹಾಗೆಯೇ ಬಿಟ್ಟೆ. ಆಮೇಲೆ ಅವಳೇ ಅದರ ಮೇಲೆ ಕುಳಿತು ಹುಲ್ಲನ್ನೆಲ್ಲ ತಿಂದು ಮುಗಿಸಿದಳು.

ಅಣ್ಣನ ವಾದ ಬೇರೆ ಇತ್ತು. ಗಂಡಿಗೆ ಆಗಿದೆಯಲ್ಲ, ಇನ್ನು ಮರಿಗಳಾಗುವುದಿಲ್ಲ. ಹೆಣ್ಣಿನ ಹೊಟ್ಟೆ ಕೊಯ್ಯುವುದೇಕೆ? ನ್ಯಾಯವಾದ ಪ್ರಶ್ನೆ. ಮರಿಗಳಷ್ಟೇ ಚಿಂತೆಯಾಗಿದ್ದರೆ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೆಣ್ಣು ಮೊಲದ ದೊಡ್ಡ ಶತ್ರು ಅದರ ಗರ್ಭಕೋಶವೇ. ವಯಸ್ಸಾದ, ಶಸ್ತ್ರಚಿಕಿತ್ಸೆ ಆಗದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ನಾಲ್ಕು ವರ್ಷ ದಾಟಿದವುಗಳಲ್ಲಿ ಶೇ 60ರವರೆಗೆ, ಕೆಲವು ತಳಿಗಳಲ್ಲಿ ಶೇ 80ರವರೆಗೆ ಎಂದು ಪಶುವೈದ್ಯ ಪುಸ್ತಕಗಳು ಬರೆಯುತ್ತವೆ. ತಳಿಯಿಂದ ತಳಿಗೆ ಅಂಕಿ ಏರಿಳಿದರೂ, ಕಡಿಮೆ ಎಂದು ಯಾರೂ ಹೇಳುವುದಿಲ್ಲ. ಅದು ನಿಧಾನವಾಗಿ ಬೆಳೆದು ಶ್ವಾಸಕೋಶಕ್ಕೆ ಹರಡುತ್ತದೆ. ಮೂತ್ರದಲ್ಲಿ ರಕ್ತ ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. (ಮೊಲದ ಮೂತ್ರ ಕೆಂಪಗಿದ್ದರೆ ಎಲ್ಲವೂ ರಕ್ತವಲ್ಲ, ತಿಂದ ಸೊಪ್ಪಿನಿಂದಲೂ ಕೆಂಪು, ಕಿತ್ತಳೆ ಬಣ್ಣ ಬರುತ್ತದೆ. ಪರೀಕ್ಷೆ ಮಾಡಿಸದೆ ಗಾಬರಿಯಾಗುವುದೂ ಬೇಡ, ನಿರ್ಲಕ್ಷಿಸುವುದೂ ಬೇಡ.) ಚೆನ್ನಾಗಿ ನೋಡಿಕೊಂಡ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ನಾಲ್ಕನೇ ವರ್ಷ ಎಂದರೆ ಅದರ ನಡುಹರೆಯ.

"ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸು. ಆರೋಗ್ಯಕ್ಕೆ ಒಳ್ಳೆಯದಂತೆ" ಎಂದರು ಅತ್ತಿಗೆ. ಯಾರು ಹೇಳಿದರು ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ ಎಂದರು. ಈ ಎಲ್ಲರೂ ನಾಯಿ, ಬೆಕ್ಕು, ಮೊಲ ಮೂರಕ್ಕೂ ಇದನ್ನೇ ಹೇಳುತ್ತಾರೆ, ಮೂರರಲ್ಲಿ ಯಾವುದಕ್ಕೂ ಆಧಾರವಿಲ್ಲ.

ಅಪಾಯದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅರಿವಳಿಕೆ ಸಾವುಗಳ ದೊಡ್ಡ ಅಧ್ಯಯನವೊಂದರಲ್ಲಿ ನಾಯಿಗಳ ಪ್ರಮಾಣ ಶೇ 0.17, ಬೆಕ್ಕುಗಳದು ಶೇ 0.24, ಮೊಲಗಳದು ಶೇ 1.39. ಆರೋಗ್ಯವಂತ ಮೊಲಗಳನ್ನಷ್ಟೇ ಲೆಕ್ಕ ಹಿಡಿದರೆ ಶೇ 0.73. ನಾನು ಈ ಅಂಕಿಗಳನ್ನು ಅಣ್ಣನಿಗೂ ತೋರಿಸಿದೆ, ಅವನ ವಾದಕ್ಕೆ ಬಲ ಬರುತ್ತದೆ ಎಂದು ಗೊತ್ತಿದ್ದೇ. ಅದರಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು: ಸತ್ತ ಮೊಲಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸಾಯಲಿಲ್ಲ, ಮುಗಿದ ಮೇಲಿನ ಗಂಟೆಗಳಲ್ಲಿ ಸತ್ತವು. ತಣ್ಣಗಾಗುವುದು, ನೋವು, ಊಟ ಬಿಡುವುದು, ಇವೆಲ್ಲ ಕಾಡುವುದು ಆಗಲೇ. ಇವು ನೋಡಿಕೊಳ್ಳುವವರ ಕೈಯಲ್ಲಿರುವ ಸಂಗತಿಗಳು. ಹಾಗಾಗಿ ತಿಂಗಳನ್ನು ಹುಡುಕಿದಷ್ಟೇ ಶ್ರದ್ಧೆಯಿಂದ ವೈದ್ಯರನ್ನು ಹುಡುಕಬೇಕು.

ನಾನು ಮೊದಲು ಫೋನ್ ಮಾಡಿದ ಚಿಕಿತ್ಸಾಲಯದಲ್ಲಿ "ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬೇಡಿ, ನೀರನ್ನೂ ಕೊಡಬೇಡಿ" ಎಂದರು. ಧನ್ಯವಾದ ಹೇಳಿ ಇಟ್ಟುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇದು. ನಾಯಿ ಬೆಕ್ಕುಗಳನ್ನು ಉಪವಾಸ ಕೆಡಹುವುದು ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋಗಬಾರದೆಂದು. ಮೊಲಕ್ಕೆ ವಾಂತಿ ಮಾಡಲು ಸಾಧ್ಯವೇ ಇಲ್ಲ. ಅದರ ಕರುಳು ಸದಾ ಚಲಿಸುತ್ತಿರಬೇಕು, ಚಲಿಸಲು ನಾರು ಬರುತ್ತಲೇ ಇರಬೇಕು. ರಾತ್ರಿಯಿಡೀ ಖಾಲಿ ಬಿಟ್ಟರೆ ಕರುಳು ನಿಧಾನಿಸಿ, ನಿಂತು, ಶಸ್ತ್ರಚಿಕಿತ್ಸೆ ಚೆನ್ನಾಗಿ ಆದರೂ ಮೊಲ ಉಳಿಯದೆ ಹೋಗಬಹುದು. ಬಾಯಲ್ಲಿ ಹುಲ್ಲಿನ ಚೂರು ಇರಬಾರದೆಂದು ಒಂದು ಗಂಟೆ ಮುಂಚೆ ತೆಗೆದರೆ ಸಾಕು.

ಕೊನೆಗೆ ನಾವು ಆರಿಸಿಕೊಂಡ ವೈದ್ಯರಿಗೂ ಕೇಳಬೇಕಾದದ್ದನ್ನೆಲ್ಲ ಕೇಳಿದೆ. ತಿಂಗಳಿಗೆ ಎಷ್ಟು ಮೊಲಗಳಿಗೆ ಮಾಡುತ್ತೀರಿ? ಅದರಲ್ಲಿ ಹೆಣ್ಣು ಎಷ್ಟು? ಅರಿವಳಿಕೆಯಲ್ಲಿ ಆಮ್ಲಜನಕಕ್ಕೆ ಏನು ವ್ಯವಸ್ಥೆ? ಮೈ ಬೆಚ್ಚಗಿಡಲು? ಮನೆಗೆ ನೋವಿನ ಔಷಧಿ ಎಷ್ಟು ದಿನಕ್ಕೆ ಕೊಡುತ್ತೀರಿ? ತಾನಾಗಿ ತಿನ್ನುವುದನ್ನು ನೋಡಿದ ಮೇಲೆ ಕಳಿಸುತ್ತೀರಾ? ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ? ಅವರು ಒಂದಕ್ಕೂ ಮುಖ ಸಿಂಡರಿಸಲಿಲ್ಲ. ಅಷ್ಟೇ ಅಲ್ಲ, ಅಟ್ರೊಪಿನ್ ಎಂಬ ಔಷಧಿಯನ್ನು ಕೆಲವು ಮೊಲಗಳ ರಕ್ತದಲ್ಲಿರುವ ಕಿಣ್ವವೊಂದು ಬೇಗ ಒಡೆದುಹಾಕುತ್ತದೆ, ಹಾಗಾಗಿ ಮೊಲಕ್ಕೆ ಬೇರೆಯದನ್ನು ಬಳಸುತ್ತೇವೆ ಎಂದು ತಾವಾಗಿಯೇ ಹೇಳಿದರು. ನನಗೆ ಬೇಕಾಗಿದ್ದುದು ಆ ತರಹದ ಮಾತು, ಮೊಲವನ್ನು ಚಿಕ್ಕ ಬೆಕ್ಕು ಎಂದುಕೊಳ್ಳದವರ ಮಾತು.

ಚುಕ್ಕಿಯನ್ನು ಕರೆತಂದ ಸಂಜೆ ಬೋರನದರ ಹಾಗಿರಲಿಲ್ಲ. ಹೊಟ್ಟೆಯ ಕೂದಲನ್ನು ಬೋಳಿಸಿದ್ದರು. ನಟ್ಟನಡುವೆ ಒಂದು ಸಣ್ಣ ಗೀರು, ಹೊಲಿಗೆ ಹೊರಗೆ ಕಾಣದಂತೆ ಚರ್ಮದೊಳಗೇ ಹಾಕಿದ್ದು. ಹೊರಗಿದ್ದರೆ ಹಲ್ಲಿನಿಂದ ಕಿತ್ತುಬಿಡುತ್ತವೆ. ಕೊರಳಿಗೆ ಕೊಳವೆಯಂಥ ಪಟ್ಟಿ ಹಾಕಿರಲಿಲ್ಲ, ಅದನ್ನು ಹಾಕಿದರೆ ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಬಾಯಿಂದ ನೇರವಾಗಿ ತೆಗೆದುಕೊಂಡು ತಿನ್ನಲು ಆಗುವುದಿಲ್ಲ, ಪೋಷಕಾಂಶ ಅಷ್ಟಕ್ಕೆ ನಷ್ಟ, ಹೆದರಿಕೆಯೂ ಹೆಚ್ಚು. ಅವಳು ಮೂಲೆಯಲ್ಲಿ ಮೈ ಮುದುಡಿ, ಕಣ್ಣು ಅರೆಮುಚ್ಚಿ, ಹೊಟ್ಟೆಯನ್ನು ನೆಲಕ್ಕೆ ತಾಗಿಸದೆ ಕುಳಿತಳು. ಹತ್ತಿರ ಕಿವಿಗೊಟ್ಟರೆ ಹಲ್ಲು ಕಡಿಯುವ ಸದ್ದು. ಮುದ್ದಿಸಿದಾಗ ಮೊಲ ಹಲ್ಲನ್ನು ಸಣ್ಣಗೆ ಆಡಿಸುವುದುಂಟು, ಅದು ಸುಖದ್ದು. ಇದು ಜೋರಾಗಿ, ಬಿಟ್ಟು ಬಿಟ್ಟು ಬರುವ ಕಟಕಟ, ನೋವಿನದು. ಔಷಧಿಯ ಹೊತ್ತು ಇನ್ನೂ ಆಗಿರಲಿಲ್ಲ. ಫೋನ್ ಮಾಡಿದೆ, ಈಗಲೇ ಕೊಡಿ ಎಂದರು.

ಮರದ ಪುಡಿ ತೆಗೆದು ಹಳೆಯ ಟವೆಲ್ ಹಾಸಿದ್ದೆ, ಗಾಯಕ್ಕೆ ಅಂಟುವುದು ಬೇಡವೆಂದು. ಮೇಲಂತಸ್ತಿಗೆ ಹತ್ತುವ ಹಲಗೆಯನ್ನು ತೆಗೆದಿದ್ದೆ. ಹುಲ್ಲು ಮುಟ್ಟಲಿಲ್ಲ. ನೆಚ್ಚಿನ ಸೊಪ್ಪನ್ನು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿದಳು. ಹನ್ನೆರಡು ಗಂಟೆ ಏನೂ ತಿನ್ನದ ಮೊಲ ತುರ್ತು ರೋಗಿ ಎಂಬುದು ಮೊಲ ಸಾಕುವವರೆಲ್ಲ ಬಾಯಿಪಾಠ ಮಾಡಿರುವ ಮಾತು. ಅಲ್ಲಿಯವರೆಗೆ ಕಾಯದೆ, ವೈದ್ಯರು ಕೊಟ್ಟಿದ್ದ ನಾರಿನ ಪುಡಿಯನ್ನು ಬಿಸಿನೀರಿನಲ್ಲಿ ಗಂಜಿಯಾಗಿ ಕಲಸಿ ಆರಿಸಿ ಸಿರಿಂಜಿಗೆ ತುಂಬಿದೆ. ಟವೆಲಿನಲ್ಲಿ ಸುತ್ತಿ, ಮುಂದಿನ ಹಲ್ಲುಗಳ ಹಿಂದೆ ಇರುವ ಖಾಲಿ ಜಾಗದಲ್ಲಿ ಬದಿಯಿಂದ ತೂರಿಸಿ, ಸ್ವಲ್ಪ ಸ್ವಲ್ಪವೇ ಒತ್ತಬೇಕು. ನೇರವಾಗಿ ಗಂಟಲಿಗೆ ಬಿಟ್ಟರೆ ಶ್ವಾಸನಾಳಕ್ಕೆ ಹೋಗುತ್ತದೆ. ಅವಳು ಅರ್ಧ ನುಂಗಿದಳು, ಇನ್ನರ್ಧ ನನ್ನ ಬಟ್ಟೆಗೆ. ಮಧ್ಯರಾತ್ರಿ ದಾಟಿದ ಮೇಲೆ ಹಿಕ್ಕೆ ಬಿತ್ತು: ಚಿಕ್ಕವು, ಒಣಗಿದವು, ನಾಲ್ಕೈದು. ಅಣ್ಣನನ್ನು ಎಬ್ಬಿಸಿ ತೋರಿಸಿದೆ. ಹಿಕ್ಕೆ ನೋಡಲು ಎಬ್ಬಿಸಿದ್ದಕ್ಕೆ ಅವನು ಏನೂ ಅನ್ನಲಿಲ್ಲ, ಟಾರ್ಚ್ ಹಿಡಿದು ಎಣಿಸಿದ.

ಮರುದಿನ ಮಧ್ಯಾಹ್ನಕ್ಕೆ ತಾನಾಗಿ ತಿಂದಳು. ಗಂಡು ಅಂದೇ ತಿನ್ನುತ್ತದೆ, ಹೆಣ್ಣಿಗೆ ಒಂದು ದಿನ ಹಿಡಿಯುವುದು ಅಪರೂಪವಲ್ಲ. ಆ ಒಂದು ದಿನಕ್ಕಾಗಿ ರಜೆ ಹಾಕಿಕೊಂಡು ಮನೆಯಲ್ಲಿರುವಂತೆ ತಾರೀಖು ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕೂವರೆಯೋ ಐದೋ ತಿಂಗಳು ಎಂದು ಒಂದೊಂದು ವಾರಕ್ಕೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಇದು ಮುಖ್ಯ ಎಂದು ನನ್ನ ಅಭಿಪ್ರಾಯ. ಹತ್ತು ದಿನ ಗಾಯವನ್ನು ದಿನಕ್ಕೆ ಎರಡು ಸಲ ನೋಡಬೇಕು: ಕೆಂಪು, ಊತ, ಒಸರುವುದು, ಬಾಯಿ ಬಿಡುವುದು. ಚುಕ್ಕಿಯದರಲ್ಲಿ ಏನೂ ಆಗಲಿಲ್ಲ.

ದೊಡ್ಡ ವಯಸ್ಸಿನ ಹೆಣ್ಣನ್ನು ತಂದುಕೊಂಡವರು, ಕಾಲ ಮೀರಿತು ಎಂದು ಕೈಬಿಡಬೇಕಾಗಿಲ್ಲ. ಎರಡು ಮೂರು ವರ್ಷದವಕ್ಕೂ ಮಾಡುತ್ತಾರೆ. ಮುಂಚೆ ರಕ್ತ ಪರೀಕ್ಷೆ, ತೂಕ ಹೆಚ್ಚಿದ್ದರೆ ಇಳಿಸುವುದು, ಇಷ್ಟು ಹೆಚ್ಚಿನ ಕೆಲಸ. ಅಷ್ಟರಲ್ಲೇ ಗಬ್ಬವಾಗಿರಬಹುದೆಂಬ ಅನುಮಾನವಿದ್ದರೆ ದಿನ ಎಣಿಸುತ್ತಾ ಕೂರದೆ ವೈದ್ಯರಿಗೆ ಮೊದಲೇ ಹೇಳಬೇಕು.

ಜೊತೆ ಮಾಡುವ ಕೆಲಸಕ್ಕೆ ಚುಕ್ಕಿಯ ಶಸ್ತ್ರಚಿಕಿತ್ಸೆಯಾಗಿ ಒಂದು ತಿಂಗಳು ಕಳೆಯುವವರೆಗೆ ಕೈ ಹಾಕಲಿಲ್ಲ. ಅದಕ್ಕೂ ಮುಂಚೆ ಕೆಲವು ದಿನ ಅವರ ತಟ್ಟೆಗಳನ್ನು, ಹಾಸುಗಳನ್ನು ಅದಲು ಬದಲು ಮಾಡುತ್ತಿದ್ದೆ, ವಾಸನೆ ರೂಢಿಯಾಗಲೆಂದು. ಇಬ್ಬರೂ ಕಾಲಿಡದ ಸ್ನಾನದ ಮನೆಯಲ್ಲಿ, ಜಾರದಂತೆ ಹಾಸು ಹಾಕಿ, ಮೊದಲು ಹತ್ತು ನಿಮಿಷ ಬಿಟ್ಟೆ. ಗೂಡಿನಲ್ಲೇ ಬಿಟ್ಟಿದ್ದರೆ ಚುಕ್ಕಿ ಅದು ತನ್ನ ರಾಜ್ಯವೆಂದು ಯುದ್ಧಕ್ಕೆ ನಿಲ್ಲುತ್ತಿದ್ದಳು. ಬೋರ ಒಂದೆರಡು ಸಲ ಅವಳ ಮೇಲೆ ಹತ್ತಿದ, ಅವಳು ತಿರುಗಿ ಅವನ ಬೆನ್ನಿನಿಂದ ಒಂದು ಹಿಡಿ ಕಪ್ಪು ಕೂದಲು ಕಿತ್ತಳು. ಹತ್ತುವುದು, ಅಟ್ಟಿಸಿಕೊಂಡು ಹೋಗುವುದು, ಒಂದಿಷ್ಟು ಕೂದಲು ಹಾರುವುದು ನಡೆಯುತ್ತದೆ. ಎರಡೂ ಉಂಡೆಯಾಗಿ ಉರುಳಿ ಒದೆಯತೊಡಗಿದರೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಬಿಡಿಸಬೇಕು. ನಮ್ಮಲ್ಲಿ ಅಲ್ಲಿಯವರೆಗೆ ಹೋಗಲಿಲ್ಲ. ಕೆಲವು ದಿನಗಳ ನಂತರ ಚುಕ್ಕಿ ತಲೆ ಬಗ್ಗಿಸಿ ಅವನ ಗಲ್ಲದ ಕೆಳಗೆ ತೂರಿಸಿದಳು, ಅವನು ಹಣೆ ನೆಕ್ಕತೊಡಗಿದ. ಅಂದರೆ ಮನೆಯ ಯಜಮಾನಿಕೆ ಯಾರದೆಂದು ತೀರ್ಮಾನವಾಯಿತು. ನೆಕ್ಕಿಸಿಕೊಳ್ಳುವವರದು ಮೇಲುಗೈ.

ಈಗ ಜಾಲರಿ ಅಟ್ಟದ ಮೇಲಿದೆ. ಸಿಡಿತ ನಿಂತಿದೆ, ಇಬ್ಬರೂ ಒಂದೇ ತಟ್ಟೆ ಬಳಸುತ್ತಾರೆ. ಹಾರ್ಮೋನಿನ ಗದ್ದಲ ಇಳಿದ ಮೇಲೆ ಮೈ ಕೊಬ್ಬುವುದು ಬೇಗ, ಹಾಗಾಗಿ ವಾರಕ್ಕೊಮ್ಮೆ ಅಡುಗೆ ಮನೆಯ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು ಇಬ್ಬರನ್ನೂ ತೂಗುತ್ತೇನೆ, ಗುಳಿಗೆ ಆಹಾರವನ್ನು ಕಡಿಮೆ ಮಾಡಿದ್ದೇನೆ, ಹುಲ್ಲಿಗೆ ಲೆಕ್ಕವಿಲ್ಲ. ಬೋರ ಸ್ವಲ್ಪ ಏರಿದ್ದಾನೆ. ಅತ್ತಿಗೆ ಕದ್ದು ಏನೋ ಕೊಡುತ್ತಿದ್ದಾರೆ ಎಂದು ನನ್ನ ಅನುಮಾನ. ಕೇಳಿದರೆ ಇಲ್ಲ ಎನ್ನುತ್ತಾರೆ.